ಅರಿಯದುದನ್ನು ಹುಡುಕುವ ಬಗೆ

ಗೊತ್ತಿರುವುದನ್ನು ಹುಡುಕಬೇಕಾಗಿಲ್ಲ; ಗೊತ್ತೇ ಇಲ್ಲದ್ದನ್ನು ಹುಡುಕಲು ಬರುವುದಿಲ್ಲ. ಪ್ಲೇಟೋನ ‘ಮೆನೋ’ ಸಂವಾದದಲ್ಲಿರುವ ಈ ತೊಡಕನ್ನು ಶಂಕರಾಚಾರ್ಯರೂ ಬ್ರಹ್ಮಸೂತ್ರ ಭಾಷ್ಯದ ಆರಂಭದಲ್ಲೇ ಎತ್ತಿಕೊಳ್ಳುತ್ತಾರೆ: ಬ್ರಹ್ಮ ತಿಳಿದಿದ್ದರೆ ಜಿಜ್ಞಾಸೆ ಬೇಡ, ತಿಳಿಯದಿದ್ದರೆ ಜಿಜ್ಞಾಸೆ ಸಾಧ್ಯವಿಲ್ಲ. ಅವರ ಸಮಾಧಾನ ಹೀಗಿದೆ: ಬ್ರಹ್ಮವೇ ಎಲ್ಲರ ಆತ್ಮ; ತಾನಿದ್ದೇನೆ ಎಂಬ ಸಾಮಾನ್ಯ ಅರಿವು ಎಲ್ಲರಿಗೂ ಉಂಟು, ಆ ಆತ್ಮದ ವಿಶೇಷ ಸ್ವರೂಪದ ಬಗ್ಗೆ ಮಾತ್ರ ಭಿನ್ನಾಭಿಪ್ರಾಯ. ವಿಚಾರಕ್ಕೆ ಎಡೆಯಿರುವುದು ಈ ಅರೆ ಅರಿವಿನಲ್ಲಿ.

ಪ್ರೋಗ್ರಾಮಿಂಗ್ ಕಲಿಯುವವರ ಸ್ಥಿತಿಯೂ ಇದೇ. ಪೈಥಾನ್‌ನಲ್ಲಿ ಲಿಸ್ಟ್ ಒಂದರಿಂದ ಡೂಪ್ಲಿಕೇಟ್‌ಗಳನ್ನು ತೆಗೆಯಬೇಕೆಂಬುದು ವಿದ್ಯಾರ್ಥಿಗೆ ಗೊತ್ತು. ಅದಕ್ಕೆ ‘ಸೆಟ್’ ಇದೆಯೆಂಬುದು ಗೊತ್ತಿಲ್ಲ. ಪದಕ್ಕೆ ಪದ ಹೊಂದಿಸುವ ಹುಡುಕಾಟ ಹೆಸರು ಬಲ್ಲವರಿಗಷ್ಟೇ ಫಲ ಕೊಡುತ್ತದೆ. ಆದ್ದರಿಂದ ಡಾಕ್ಯುಮೆಂಟೇಶನ್ ಪುಟಗಳನ್ನು ಹೆಸರಿನಡಿ ಮಾತ್ರವಲ್ಲ, ಅವು ಮಾಡಿಕೊಡುವ ಕೆಲಸ, ತೆರೆಯ ಮೇಲೆ ಬರುವ ಎರರ್ ಸಂದೇಶ, ಕಲಿಯುವವರು ಬಳಸುವ ಆಡುಮಾತು ಇವುಗಳಡಿಯೂ ಸೂಚಿಗೆ ಸೇರಿಸಬೇಕು; ಹೊಸಬರಿಗೆ ಟ್ಯುಟೋರಿಯಲ್ ಪುಟ ಮೊದಲು ಕಾಣಬೇಕು.

ಉತ್ತರವನ್ನಷ್ಟೇ ಕೊಟ್ಟರೂ ಸಾಲದು. ಸೆಟ್ ಬಳಸಿದರೆ ಮೂಲ ಕ್ರಮ ಉಳಿಯುವ ಖಾತರಿಯಿಲ್ಲ ಎಂಬುದನ್ನು ಅಲ್ಲೇ ತಿಳಿಸಿದರೆ ವಿದ್ಯಾರ್ಥಿಯ ಮುಂದಿನ ಪ್ರಶ್ನೆ ಇನ್ನಷ್ಟು ಖಚಿತವಾಗುತ್ತದೆ.