‘ಇಲ್ಲ’ ಎಂಬ ಉತ್ತರದ ಋಣ

ಕೆಲಸ ಕೊಡುವುದು, ಬಿಡುವುದು ಮಾಲೀಕರ ಹಕ್ಕು. ಆದರೆ ಅರ್ಜಿ ಕರೆದು, ಸಂದರ್ಶನಕ್ಕೆ ಕೂರಿಸಿ, ಆಮೇಲೆ ಬಾಯಿಗೆ ಬೀಗ ಹಾಕಿಕೊಳ್ಳುವುದೂ ಹಕ್ಕೇ? ಸರ್ಕಾರಿ ನೌಕರಿಗೆ ಅರ್ಜಿ ಹಾಕಿದವರು ಅದೇನಾಯಿತೆಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿದರೆ ಕಚೇರಿ 30 ದಿನಗಳೊಳಗೆ ಉತ್ತರಿಸಬೇಕು. ಖಾಸಗಿ ಕಂಪನಿಯ ಬಾಗಿಲಲ್ಲಿ ನಿಂತ ಪದವೀಧರನಿಗೆ ಆ ಆಸರೆಯಿಲ್ಲ. ಎರಡು ಸಲ ಫೋನ್ ಮಾಡಿದರೆ ಪೀಡೆ ಎನಿಸಿಕೊಳ್ಳುತ್ತಾನೆ. ಇತ್ತ, ಉತ್ತರ ಬಂದೀತೆಂದು ಸಿಕ್ಕ ಸಣ್ಣ ಕೆಲಸವನ್ನೂ ಅವನು ಒಪ್ಪಿರುವುದಿಲ್ಲ; ತಾಯಿ ದಿನಸಿ ಅಂಗಡಿಯವನಿಗೆ ‘ಮುಂದಿನ ತಿಂಗಳು ಕೊಡ್ತೀವಿ’ ಎಂದಿರುತ್ತಾಳೆ.

ಬೇಡವೆಂದರೆ ಹುಡುಗ ನೊಂದುಕೊಳ್ಳುತ್ತಾನೆಂದು ಸುಮ್ಮನಿರುವ ಮಾಲೀಕರೂ ಇದ್ದಾರೆ. ಅವರಿಗೆ ನಾವು ಹೇಳುವುದಿಷ್ಟೆ: ನಿರಾಕರಣೆಯ ನೋವು ನಾಲ್ಕು ದಿನದ್ದು, ಮೌನವಾದರೋ ತಿಂಗಳುಗಳನ್ನೇ ನುಂಗುತ್ತದೆ. ಒಂದು ಸಾಲಿನ ‘ಇಲ್ಲ’ ಬರೆದು ಕಳಿಸಿ. ಅವನ ದಿನಗಳು ಅವನಿಗೆ ಮರಳಲಿ.