ಆಜ್ಞೆ ಯಾವಾಗ ಕಾನೂನಾಗುತ್ತದೆ?

1857ರಲ್ಲಿ ಬ್ರಿಟಿಷರು ಜನರ ಆಯುಧಗಳನ್ನು ಕಸಿಯುವ ಕಾಯ್ದೆ ತಂದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಆಯುಧವೇ ಅವರ ಬದುಕು, ಅವರ ಮಾನ. ದಂಡು ಬಂತು, ಊರು ಸುಟ್ಟಿತು, ಸೆರೆಸಿಕ್ಕ ಹಲವರು ಗಲ್ಲಿಗೇರಿದರು. ಈ ಸೀಮೆಯ ಲಾವಣಿಗಳಲ್ಲಿ ಆ ಕಥೆ ಇನ್ನೂ ಉಳಿದಿದೆ.

ಆ ಕಾಯ್ದೆ ಕಾನೂನೇ? ಅದೇ ಕಾಲದ ಇಂಗ್ಲಿಷ್ ಚಿಂತಕ ಜಾನ್ ಆಸ್ಟಿನ್ ಪ್ರಕಾರ ಹೌದು. ಆಳುವವನ ಆಜ್ಞೆ, ಮೀರಿದರೆ ದಂಡನೆ. ಇಷ್ಟಿದ್ದರೆ ಅದು ಕಾನೂನು. ಎಚ್.ಎಲ್.ಎ. ಹಾರ್ಟ್ 1961ರಲ್ಲಿ ಇದನ್ನು ಪ್ರಶ್ನಿಸಿದರು: ಬಂದೂಕು ತೋರಿಸಿ ಹಣ ಕೇಳುವ ದರೋಡೆಕೋರನದೂ ಇಂಥದೇ ಆಜ್ಞೆಯಲ್ಲವೇ? ಹೆದರಿ ಕೊಡುತ್ತೇವೆ, ಕೊಡುವುದು ಕರ್ತವ್ಯವೆಂದು ಯಾರೂ ತಿಳಿಯುವುದಿಲ್ಲ. ಕಾನೂನು ಮಾಡುವವರ ಅಧಿಕಾರಕ್ಕೂ ಒಂದು ನಿಯಮ ಆಧಾರವಾಗಿರಬೇಕು ಎಂದರು ಹಾರ್ಟ್. ಅನ್ಯಾಯದ ಕಾನೂನು ಕಾನೂನೇ ಅಲ್ಲವೆಂದು ಅವರು ಹೇಳಲಿಲ್ಲ, ನಿಜ. ನಾನು ಇನ್ನೊಂದು ಹೆಜ್ಜೆ ಮುಂದಿಡುತ್ತೇನೆ: ಬಲ್ಲಿದನ ಕೈಯನ್ನೂ ಕಟ್ಟುವುದೇ ಕಾನೂನಿನ ಮುಖ್ಯ ಉದ್ದೇಶ.

ಇಂದಿನ ಒಂದು ಉದಾಹರಣೆ ನೋಡಿ: ಚಿಮ್ಮಡ ಗ್ರಾಮದ ರೈತನೊಬ್ಬನ ಕಬ್ಬು ಕಾರ್ಖಾನೆಗೆ ಹೋಯಿತೆನ್ನಿ. ಕಾರ್ಖಾನೆಯೊಡನೆ ಅವನು ಮಾಡಿಕೊಂಡ ಕರಾರು ಸಿವಿಲ್ ಕಾನೂನಿನದು. ಅಲ್ಲಿ ನಷ್ಟ ತುಂಬಿಸಿಕೊಳ್ಳುವುದು ಮುಖ್ಯ. ದಾರಿಯಲ್ಲಿ ಯಾರಾದರೂ ಕಬ್ಬು ಕದ್ದರೆ ಅದು ಕ್ರಿಮಿನಲ್ ಕಾನೂನು. ಆಗ ಮೊಕದ್ದಮೆ ನಡೆಸುವುದು ಸರ್ಕಾರ, ಏಕೆಂದರೆ ಅಪರಾಧ ಇಡೀ ಸಮಾಜದ ಮೇಲಾದದ್ದು. ಇನ್ನು ಬಾಕಿಯ ವಿಷಯ. 1966ರ ಕಬ್ಬು ನಿಯಂತ್ರಣ ಆದೇಶದಂತೆ, ಬೇರೆ ಲಿಖಿತ ಒಪ್ಪಂದವಿಲ್ಲದಿದ್ದರೆ, ಕಬ್ಬು ಪಡೆದ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ. ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡುವ ಅಧಿಕಾರ ಜಿಲ್ಲಾಧಿಕಾರಿಗಿದೆ. ಇದು ಆಡಳಿತ ಕಾನೂನು.

ಅಧಿಕಾರಿಯೇ ಸುಮ್ಮನೆ ಕುಳಿತರೆ? ಸಂವಿಧಾನದ 226ನೇ ವಿಧಿ ಹಿಡಿದು ಹೈಕೋರ್ಟಿನ ಧಾರವಾಡ ಪೀಠಕ್ಕೆ ರಿಟ್ ಅರ್ಜಿ ಹಾಕಬಹುದು. ಕರ್ತವ್ಯ ಮಾಡೆಂದು ನ್ಯಾಯಾಲಯ ಅಧಿಕಾರಿಗೇ ಆದೇಶಿಸಬಲ್ಲದು. ಶಾಸನಸಭೆಯೂ ಈ ಕಟ್ಟಿನ ಹೊರಗಿಲ್ಲ: ಮೂಲಭೂತ ಹಕ್ಕಿಗೆ ವಿರುದ್ಧವಾದ ಕಾಯ್ದೆ 13ನೇ ವಿಧಿಯಂತೆ ಅಸಿಂಧು. ಹಲಗಲಿಯವರಿಗೆ ಇಂಥ ಒಂದು ಬಾಗಿಲೂ ಇರಲಿಲ್ಲ.

ಬಾಗಿಲಿದ್ದರೂ ತಟ್ಟುವವರು ಕಡಿಮೆ; ವಕೀಲರ ಫೀಜಿಗೆ ಅಂಜುವವರೇ ಹೆಚ್ಚು. 1987ರ ಕಾನೂನು ಸೇವೆಗಳ ಕಾಯ್ದೆಯಡಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ಆದಾಯ ಕಡಿಮೆಯಿರುವವರಿಗೆ ವಕೀಲರ ನೆರವು ಉಚಿತ. ತೂಕದ ಚೀಟಿಯನ್ನು ಜೋಪಾನವಾಗಿಡಿ, ಕೇಳುವುದನ್ನು ಬರಹದಲ್ಲಿ ಕೇಳಿ, ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಲು ಸಂಕೋಚಪಡಬೇಡಿ.