ನಮ್ಮವರಿಗೂ ಅದೇ ಬೆಲೆಯೆ?

‘ವ್ಯಾಪಾರಂ ದ್ರೋಹಚಿಂತನಂ’ ಎಂಬ ಮಾತನ್ನು ನಮ್ಮ ಕಡೆ ಸಂಸ್ಕೃತ ಬಾರದವರೂ ಆಡುತ್ತಾರೆ. ತರಕಾರಿಯವನು ತೂಕದಲ್ಲಿ ಒಂದು ಬದನೆಕಾಯಿ ಕಡಿಮೆ ಹಾಕಿದನೆಂದು ಅನುಮಾನ ಬಂದರೆ ಸಾಕು, ಈ ಮಾತು ಬಾಯಿಗೆ ಬರುತ್ತದೆ. ಮಾರುವವನು ಎಂದರೆ ಎಷ್ಟೋ ಕಡೆ ಮೋಸ ಮಾಡಿಯೇ ಇರುತ್ತಾನೆ ಎಂಬ ನಂಬಿಕೆ ನಮ್ಮೊಳಗೆ ಆಳವಾಗಿ ಕೂತಿದೆ. ಮನೆಯ ಮಗ ನೌಕರಿ ಹಿಡಿದರೆ ಪೇಡ ಹಂಚುತ್ತೇವೆ. ಅಂಗಡಿ ಇಡುತ್ತೇನೆ ಎಂದರೆ, ‘ಯಾಕೆ, ಎಲ್ಲೂ ಕೆಲಸ ಸಿಗಲಿಲ್ಲವೆ?’ ಎನ್ನುತ್ತೇವೆ. ಹಾಗೆ ಹೊರಟವಳು ಹುಡುಗಿಯಾಗಿದ್ದು, ಅದರಲ್ಲೂ ನಮ್ಮ ಬೀದಿಯವಳೇ ಆಗಿದ್ದರೆ, ಇನ್ನೊಂದು ಪ್ರಶ್ನೆ ಸಿದ್ಧವಾಗಿರುತ್ತದೆ: ‘ಏನಮ್ಮಾ, ನಮ್ಮವರಿಗೂ ಅದೇ ಬೆಲೆಯೆ?’

ನಗುನಗುತ್ತಾ ಕೇಳುವ ಪ್ರಶ್ನೆ ಇದು. ಕೇಳುವವರ ಮನಸ್ಸಿನಲ್ಲಿ ಕೆಡುಕೇನೂ ಇರುವುದಿಲ್ಲ. ಆದರೆ ಇದರೊಳಗೆ ದೊಡ್ಡದೊಂದು ಧರ್ಮಸೂಕ್ಷ್ಮ ಇದೆ. ನಮಗೆ ಬೇಕಾದವರಿಂದ ಲಾಭ ತೆಗೆದುಕೊಳ್ಳುವುದು ತಪ್ಪೇ? ಅಥವಾ ಬೇಕಾದವಳು ಎಂಬ ಕಾರಣಕ್ಕೆ ಅವಳ ದುಡಿಮೆಯನ್ನು ಕಡಿಮೆ ಬೆಲೆಗೆ ಕೇಳುವುದು ತಪ್ಪೇ?

ಇದನ್ನು ನಾನು ಪುಸ್ತಕ ಓದಿ ಯೋಚಿಸಿದ್ದಲ್ಲ. ನಮ್ಮ ತಿಪಟೂರಿನಲ್ಲಿ, ನನ್ನ ಮನೆಯ ಹಿಂದಿನ ಬೀದಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಏಳನೆಯ ತರಗತಿಯವರೆಗೆ ನನ್ನ ಬಳಿ ಓದಿದವಳು. ಬಿ.ಕಾಂ. ಮುಗಿಸಿ ಎರಡು ವರ್ಷ ಅರ್ಜಿ ಹಾಕಿ ಹಾಕಿ ಸಾಕಾಗಿ, 2024ರ ದಸರಾ ಹೊತ್ತಿಗೆ ಚಟ್ನಿಪುಡಿ ಮಾಡಿ ಮಾರಲು ತೊಡಗಿದಳು. ಅಣ್ಣ ಕೊಟ್ಟ ಹದಿನೈದು ಸಾವಿರದಲ್ಲಿ ಒಂದು ದೊಡ್ಡ ಮಿಕ್ಸಿ, ತಕ್ಕಡಿ, ಪೊಟ್ಟಣದ ಬಾಯಿ ಅಂಟಿಸುವ ಯಂತ್ರ ಬಂದವು. ತಂದೆ ಒಂದು ಗಡುವು ಹಾಕಿದ್ದಾರೆ. ಬರುವ ಯುಗಾದಿಯೊಳಗೆ ಇದರಿಂದ ಒಂದು ಸಂಬಳದಷ್ಟು ಹುಟ್ಟದಿದ್ದರೆ ಮಿಕ್ಸಿಯನ್ನು ಮಾರಿ, ಬಂದಿರುವ ಸಂಬಂಧಕ್ಕೆ ಅವಳು ಒಪ್ಪಬೇಕು. ಹುಡುಗ ಒಳ್ಳೆಯವನೇ ಅಂತೆ. ಆದರೆ ‘ಮಿಸ್, ಸೋತು ಹೋಗಿ ಮದುವೆ ಆಗೋದು ನನಗೆ ಬೇಡ’ ಎಂದು ಅವಳು ನನ್ನ ಹತ್ತಿರ ಹೇಳಿದಳು.

ಚಟ್ನಿಪುಡಿ ಎಂದರೆ ನಮಗೆ ಏನು ಮಹಾ ಎನ್ನಿಸುತ್ತದೆ. ಕಡಲೆಬೇಳೆ, ಉದ್ದಿನಬೇಳೆ ಬೇರೆ ಬೇರೆ ಹುರಿಯಬೇಕು. ಒಟ್ಟಿಗೆ ಹಾಕಿದರೆ ಒಂದು ಹಸಿ, ಒಂದು ಸೀದು. ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸಬೇಕು. ಹುಣಸೆಹಣ್ಣಿನ ನಾರು, ಬೀಜ ತೆಗೆಯಬೇಕು. ಕರಿಬೇವನ್ನು ತೊಳೆದು, ನೆರಳಲ್ಲಿ ಆರಿಸಿ, ಗರಿಗರಿ ಮಾಡಬೇಕು. ಕೊಬ್ಬರಿಯನ್ನು ಕೊನೆಗೆ ಹಾಕಿ ಹದವಾಗಿ ತಿರುಗಿಸಬೇಕು. ಹೆಚ್ಚು ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗಿ, ಬೇಗ ಕಮಟು ವಾಸನೆ ಬರುತ್ತದೆ. ಐದು ಕೆ.ಜಿ. ಪುಡಿ ಮಾಡಿ ಪೊಟ್ಟಣ ಕಟ್ಟುವಷ್ಟರಲ್ಲಿ ಬೆಳಿಗ್ಗೆ ಆರಕ್ಕೆ ಎದ್ದವಳಿಗೆ ಮಧ್ಯಾಹ್ನ ಎರಡಾಗುತ್ತದೆ. ತಾಯಿಯೂ ಜೊತೆಗಿರುತ್ತಾರೆ.

ಒಂದು ದಿನ ಅವಳು ತನ್ನ ಲೆಕ್ಕದ ಪುಸ್ತಕ ತಂದು ನನ್ನ ಮುಂದಿಟ್ಟಳು. ಒಂದು ಕೆ.ಜಿ.ಗೆ ಸಾಮಾನು, ಗ್ಯಾಸು, ಕರೆಂಟು, ಪೊಟ್ಟಣ ಎಲ್ಲ ಸೇರಿ 240 ರೂಪಾಯಿ ಖರ್ಚು. ಕಾಲು ಕೆ.ಜಿ. ಪೊಟ್ಟಣಕ್ಕೆ 80 ರೂಪಾಯಿಯಂತೆ ಮಾರಿದರೆ ಕೆ.ಜಿ.ಗೆ 320 ಬರುತ್ತದೆ. ಉಳಿಯುವುದು 80. ಐದು ಕೆ.ಜಿ. ಮಾಡಿದ ದಿನ 400 ರೂಪಾಯಿ. ಆದರೆ ಬೀದಿಯಲ್ಲಿ ಯಾರೂ 80 ಕೊಡಲಿಲ್ಲ. ‘ನಮ್ಮವರಿಗೂ ಅದೇ ಬೆಲೆಯೆ?’ ಎಂದು 70 ಕೊಟ್ಟರು. ಪೊಟ್ಟಣಕ್ಕೆ ಹತ್ತು ರೂಪಾಯಿ ಬಿಟ್ಟರೆ ಏನು ಹೋಯಿತು ಎನ್ನುತ್ತೇವೆ. ಹೋದದ್ದು ಇಷ್ಟು: 400 ಇದ್ದದ್ದು 200 ಆಯಿತು. ಕೊಳ್ಳುವವರಿಗೆ ಎಂಟರಲ್ಲಿ ಒಂದು ಪಾಲು ಉಳಿತಾಯ, ಮಾರುವವಳಿಗೆ ಅರ್ಧಕ್ಕರ್ಧ ನಷ್ಟ.

ಅಷ್ಟರಲ್ಲಿ ಕೊಬ್ಬರಿಯ ಆಟ ಶುರುವಾಯಿತು. ನಮ್ಮ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆಯೇ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯಲ್ಲಿ ಅಷ್ಟೂ ಸಿಗದೆ ರೈತರು ಬೀದಿಗಿಳಿದಿದ್ದರು. 2025ರ ನಡುವಿನ ಹೊತ್ತಿಗೆ ಅದೇ ಕೊಬ್ಬರಿ ಆ ಬೆಂಬಲ ಬೆಲೆಯ ಎರಡು ಪಟ್ಟನ್ನೂ ದಾಟಿತು. ರೈತನ ಮುಖ ಅರಳಿದ್ದು ನ್ಯಾಯವೇ. ಆದರೆ ಈ ಹುಡುಗಿಯ ಒಂದು ಕೆ.ಜಿ. ಪುಡಿಗೆ ಖರ್ಚು 45 ರೂಪಾಯಿ ಏರಿ 285ಕ್ಕೆ ನಿಂತಿತು. ಬೀದಿಯವರು ಕೊಡುತ್ತಿದ್ದದ್ದು ಅದೇ 70, ಅಂದರೆ ಕೆ.ಜಿ.ಗೆ 280. ಮಾರಿದ ಪ್ರತಿ ಕೆ.ಜಿ.ಗೂ ಅವಳು ಐದು ರೂಪಾಯಿ ಕೈಯಿಂದ ಹಾಕುತ್ತಿದ್ದಳು, ಎಂಟು ಗಂಟೆಯ ದುಡಿಮೆಯನ್ನೂ ಸೇರಿಸಿ.

ಆ ಪುಸ್ತಕ ನೋಡುವಾಗ ನನಗೆ ಶಾಲೆಯ ಗಣಿತ ನೆನಪಾಯಿತು. ನಾನು ಕನ್ನಡ, ಸಮಾಜ ಹೇಳಿಕೊಡುವವಳು. ಆದರೂ ಗಣಿತದ ಮೇಷ್ಟ್ರು ರಜೆ ಹಾಕಿದ ದಿನ ಲಾಭ-ನಷ್ಟದ ಲೆಕ್ಕ ಮಾಡಿಸಿದ್ದೇನೆ. ಒಬ್ಬ ವ್ಯಾಪಾರಿ ಇಷ್ಟಕ್ಕೆ ಕೊಂಡ, ಇಷ್ಟಕ್ಕೆ ಮಾರಿದ, ಶೇಕಡಾ ಲಾಭವೆಷ್ಟು? ಆ ಲೆಕ್ಕಗಳಲ್ಲಿ ಕೊಂಡ ಬೆಲೆ ಇರುತ್ತದೆ, ಮಾರಿದ ಬೆಲೆ ಇರುತ್ತದೆ. ನಡುವೆ ಒಲೆಯ ಮುಂದೆ ನಿಂತವರ ಬೆಲೆ ಇರುವುದಿಲ್ಲ.

ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ಟ್ರಸ್ಟು ಮತ್ತು ಬ್ಯಾಂಕುಗಳು ಸೇರಿ ನಿರುದ್ಯೋಗಿ ಯುವಕ ಯುವತಿಯರಿಗಾಗಿ ರುಡ್‌ಸೆಟ್ ಎಂಬ ತರಬೇತಿ ಸಂಸ್ಥೆ ಆರಂಭಿಸಿದವು. ಅದೇ ಮಾದರಿಯ ಕೇಂದ್ರಗಳು ಈಗ ದೇಶದ ಜಿಲ್ಲೆ ಜಿಲ್ಲೆಗಳಲ್ಲಿವೆ. ಅಂಥದೊಂದು ಕೇಂದ್ರದಲ್ಲಿ ಈ ಹುಡುಗಿಯೂ ಕೆಲವು ದಿನ ಇದ್ದು ಬಂದಳು. ಅಲ್ಲಿ ಹೇಳಿಕೊಟ್ಟ ಒಂದು ಮಾತು ಅವಳ ನಿದ್ದೆ ಕೆಡಿಸಿತು: ‘ನಿನ್ನ ಕೂಲಿಯನ್ನು ಮೊದಲು ಖರ್ಚಿನ ಕಡೆ ಬರೆ. ಅದು ಕಳೆದು ಉಳಿದದ್ದು ಮಾತ್ರ ಲಾಭ.’ ಮನೆಗೆ ಬಂದು ತನ್ನ ಹೆಸರಿಗೆ ದಿನಕ್ಕೆ 300 ರೂಪಾಯಿ ಬರೆದಳು. ‘ಅಮ್ಮಾ, ನಿನಗೆಷ್ಟು ಬರೀಲಿ?’ ಎಂದು ಕೇಳಿದಳು. ತಾಯಿ ನಕ್ಕುಬಿಟ್ಟರಂತೆ. ‘ನನಗೇನೇ ಕೂಲಿ, ಮನೇಲೇ ಇರ್ತೀನಲ್ಲ!’

ಆ ನಗುವಿನಲ್ಲಿ ನನಗೆ ಬೀದಿಯವರ ಪ್ರಶ್ನೆಗೆ ಉತ್ತರ ಸಿಕ್ಕಿತು. ಹಿತ್ತಲ ಕರಿಬೇವಿಗೆ ಯಾರೂ ಬೆಲೆ ಕಟ್ಟುವುದಿಲ್ಲ. ಮನೆಯ ಹೆಂಗಸಿನ ಕೈಕೆಲಸವೂ ಹಾಗೆಯೇ ತನ್ನಷ್ಟಕ್ಕೆ ಬೆಳೆಯುತ್ತದೆ ಎಂದು ನಾವು ನಂಬಿದ್ದೇವೆ. ನಮ್ಮ ತಾಯಂದಿರು ಜೀವಮಾನವಿಡೀ ಹುರಿದು ಕುಟ್ಟಿದ್ದಕ್ಕೆ ಯಾರೂ ಕೂಲಿ ಕೊಡಲಿಲ್ಲ. ಹಾಗಾಗಿ ಇವಳು ಕೇಳಿದಾಗ ನಮಗೆ ಅದು ಕೂಲಿಯಾಗಿ ಕಾಣುವುದಿಲ್ಲ, ದುರಾಸೆಯಾಗಿ ಕಾಣುತ್ತದೆ. ದೊಡ್ಡ ಅಂಗಡಿಯಲ್ಲಿ ಪೊಟ್ಟಣದ ಮೇಲೆ ಅಚ್ಚಾದ ಬೆಲೆಯನ್ನು ತುಟಿ ಪಿಟ್ಟೆನ್ನದೆ ಕೊಡುವ ನಾವು, ಮುಖ ನೋಡಿ ಬಲ್ಲ ಹುಡುಗಿಯ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ.

ಹಾಗೆಂದು ಇನ್ನೊಂದು ಕಡೆಯ ಮಾತನ್ನು ತಳ್ಳಿಹಾಕುವಂತಿಲ್ಲ. ಅವಳ ತಾಯಿ ನನ್ನ ಹತ್ತಿರ ಕಣ್ಣೀರಿಟ್ಟು ಹೇಳಿದರು: ‘ನೀವೇ ಹೇಳಿ ಮಿಸ್. ಇವಳಪ್ಪ ಹನ್ನೊಂದು ದಿನ ಆಸ್ಪತ್ರೇಲಿ ಮಲಗಿದ್ದಾಗ ಎದುರು ಮನೆ ಅಜ್ಜಿ ಎರಡು ಹೊತ್ತೂ ಊಟ ಕಳಿಸಿದ್ರು. ಅವರ ಮುಂದೆ ನಿಂತು ಎಂಬತ್ತು ರೂಪಾಯಿ ಕೊಡಿ ಅನ್ನೋದು ಹೇಗೆ? ನಾಳೆ ಏನಾದ್ರೂ ಆದ್ರೆ ಬರೋರು ಅವರೇ ತಾನೆ?’

ಇದು ಸುಳ್ಳಲ್ಲ. ಸಣ್ಣ ಊರಿನಲ್ಲಿ ನಮ್ಮನ್ನು ಕಾಯುವುದು ಬ್ಯಾಂಕಿನ ದುಡ್ಡಿಗಿಂತ ಹೆಚ್ಚಾಗಿ ಇಂಥ ಲೆಕ್ಕವಿಲ್ಲದ ಕೊಡುಕೊಳ್ಳುವಿಕೆಯೇ. ಎಲ್ಲಕ್ಕೂ ಬೆಲೆ ಹಚ್ಚಿಬಿಟ್ಟರೆ ಆ ಊಟದ ಡಬ್ಬಿ ಮತ್ತೆ ಬಂದೀತೆ? ತಾಯಿಯ ಭಯ ಅದು. ಮಗಳು ಪಕ್ಕದಲ್ಲೇ ಕೂತಿದ್ದವಳು ಮೆಲ್ಲಗೆ ಅಂದಳು: ‘ಆ ಊಟಕ್ಕೆ ನಾನು ಸಾಯೋವರೆಗೂ ಋಣಿ ಕಣಮ್ಮ. ಆದರೆ ಋಣ ತೀರಿಸೋಕೂ ನನ್ನ ಕೈಲಿ ಏನಾದ್ರೂ ಇರಬೇಕಲ್ವಾ?’

ನನಗೆ ಇದರಲ್ಲಿ ಗಂಟು ಬಿಚ್ಚುವ ಎಳೆ ಕಂಡಿತು. ಎದುರುಮನೆಯ ಅಜ್ಜಿ ಕಳಿಸಿದ ಊಟ ಪ್ರೀತಿಯಾದದ್ದು ಏಕೆ? ಅದನ್ನು ಯಾರೂ ಕೇಳಿರಲಿಲ್ಲ, ಅವರಾಗಿ ಕೊಟ್ಟರು. ಬೀದಿಯವರಿಗೆ ಹೋದ ಹತ್ತು ಹತ್ತು ರೂಪಾಯಿ ಪ್ರೀತಿಯಾಗಲಿಲ್ಲ ಏಕೆ? ಅದನ್ನು ಹುಡುಗಿ ಕೊಡಲಿಲ್ಲ, ಇವರು ತೆಗೆದುಕೊಂಡರು. ಕೊಡುವುದು ಕೊಡುವವಳ ಕೈಯಲ್ಲಿ ಇದ್ದರೆ ಮಾತ್ರ ಅದು ಕೊಡುಗೆ. ಅದಕ್ಕೆ ಮೊದಲು ಅದು ಅವಳದಾಗಿರಬೇಕು. ತನ್ನ ದುಡಿಮೆಗೆ ಬೆಲೆಯೇ ಇಲ್ಲದವಳು ಯಾರಿಗೆ ಏನು ದಾನ ಮಾಡಿಯಾಳು?

ವ್ಯಾಪಾರದ ಮಾತು ಬಂದಾಗ ಹಿರಿಯರು ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳುತ್ತಾರೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅವಳ ಗಂಡ ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ ಮಾಡುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳಿಸಿದಳು. ‘ನೋಡು, ಆಸೆ ಬೇಡ’ ಎಂದು ಈ ಕಥೆಯನ್ನು ಮಾರುವವರಿಗೆ ಬೋಧಿಸುವುದು ರೂಢಿ. ನಾನೂ ತರಗತಿಯಲ್ಲಿ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಆದರೆ ಕಥೆಯ ನ್ಯಾಯ ಕೊಳ್ಳುವವರಿಗೂ ಅನ್ವಯಿಸಬೇಕಲ್ಲವೆ? ನಮ್ಮ ದುಡಿಮೆಗೆ ಸಲ್ಲದ್ದು ನಮ್ಮ ಮನೆಗೆ ಬರಬಾರದು ಎಂಬುದು ಲಕ್ಕಮ್ಮನ ನಿಲುವು. ಹಾಗಾದರೆ ಒಬ್ಬ ಹುಡುಗಿಯ ಎಂಟು ಗಂಟೆಯ ದುಡಿಮೆಯನ್ನು ಬೆಲೆ ಕೊಡದೆ ಚೀಲಕ್ಕೆ ಹಾಕಿಕೊಂಡು ಬಂದರೆ, ಆ ಹೆಚ್ಚಿನ ಅಕ್ಕಿ ಇರುವುದು ಯಾರ ಚೀಲದಲ್ಲಿ?

ಪ್ರೀತಿ ಮತ್ತು ಬೆಲೆ ಒಟ್ಟಿಗೆ ಬಾಳಲಾರವು ಎಂಬುದೂ ನಿಜವಲ್ಲ. 1959ರಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು, ಮೊದಲ ದಿನ ನಾಲ್ಕು ಕಟ್ಟು ಹಪ್ಪಳ ಒತ್ತಿದರು. ಅದೇ ಮುಂದೆ ಲಿಜ್ಜತ್ ಹಪ್ಪಳವಾಯಿತು. ನಷ್ಟವಾದರೂ ಸರಿ, ಯಾರ ಮುಂದೆಯೂ ದಾನಕ್ಕೆ ಕೈ ಒಡ್ಡುವುದಿಲ್ಲ ಎಂದು ಅವರು ಮೊದಲೇ ತೀರ್ಮಾನಿಸಿದ್ದರು. ಒಬ್ಬರನ್ನೊಬ್ಬರು ‘ಬೆನ್’, ಅಂದರೆ ಅಕ್ಕ-ತಂಗಿ ಎಂದೇ ಕರೆದರು. ಒತ್ತಿದ ಹಪ್ಪಳಕ್ಕೆ ಕೂಲಿಯನ್ನೂ ತಪ್ಪದೆ ಕೊಟ್ಟುಕೊಂಡರು. ಅಕ್ಕತಂಗಿಯರಾದದ್ದರಿಂದ ಕೂಲಿ ಬೇಡ ಎನ್ನಲಿಲ್ಲ.

ಬೆಲೆ ಕೊಡುವುದರ ಜೊತೆಗೆ ಕೊಳ್ಳುವವರು ಸಲ್ಲಿಸಬೇಕಾದ ಇನ್ನೆರಡು ಬಾಕಿಗಳಿವೆ. ಒಂದು, ಹೊತ್ತಿಗೆ ದುಡ್ಡು. ‘ಇಂದು ನಗದು, ನಾಳೆ ಸಾಲ’ ಎಂದು ಅಂಗಡಿಯವನು ಬೋರ್ಡು ಹಾಕಬಹುದು. ಮನೆಯ ಜಗಲಿಯಲ್ಲಿ ಮಾರುವ ಹುಡುಗಿ ಹಾಕಲಾರಳು. ‘ಸಂಬಳ ಆದ ಮೇಲೆ ಕೊಡ್ತೀನಿ ಬಿಡಮ್ಮ’ ಎಂದವರ ಮನೆಗೆ ಅವಳು ಎರಡನೆಯ ಸಲ ಹೋಗಲು ನಾಚುತ್ತಾಳೆ. ಇನ್ನೊಂದು, ಸತ್ಯ. ಎದುರಿಗೆ ‘ತುಂಬಾ ಚೆನ್ನಾಗಿದೆ’ ಎಂದು, ಆಮೇಲೆ ದೇವಸ್ಥಾನದಲ್ಲಿ ಕೂತು ‘ಉಪ್ಪು ಒಂದು ಕಲ್ಲು ಜಾಸ್ತಿ’ ಎನ್ನುವುದರಿಂದ ಅವಳಿಗೆ ಏನು ಉಪಕಾರ? ಉಪ್ಪು ಜಾಸ್ತಿಯಾದದ್ದನ್ನು ಅವಳಿಗೇ ಹೇಳಿದರೆ ಮುಂದಿನ ಹುರಿತ ಸರಿಯಾಗುತ್ತದೆ. ಮರುಕದಿಂದ ಒಂದು ಸಲ ಕೊಂಡು ಸುಮ್ಮನಾಗುವುದಕ್ಕಿಂತ ತಪ್ಪು ಹೇಳಿ ಎರಡನೆಯ ಸಲ ಕೊಳ್ಳುವುದು ದೊಡ್ಡ ಸಹಾಯ. ಪುಡಿ ನಿಜವಾಗಿ ಹಿಡಿಸದಿದ್ದರೆ ಕೊಳ್ಳಬೇಕಾದ ಋಣವೇನೂ ನಮ್ಮ ಮೇಲಿಲ್ಲ. ಕೊಂಡರೆ ಪೂರ್ತಿ ಬೆಲೆ ಕೊಡಬೇಕು, ಅಷ್ಟೆ.

ಕಳೆದ ಶ್ರಾವಣದಲ್ಲಿ ಹುಡುಗಿ ಬೆಲೆ ಏರಿಸಿದಳು. ಕಾಲು ಕೆ.ಜಿ.ಗೆ 95 ರೂಪಾಯಿ, ಎಲ್ಲರಿಗೂ ಒಂದೇ. ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಬಾಗಿಲ ಪಕ್ಕ ತೂಗುಹಾಕಿದಳು. ಬಾಯಲ್ಲಿ ಹೇಳಲು ನಾಲಿಗೆ ಏಳದ್ದನ್ನು ರಟ್ಟು ಹೇಳಿತು. ತಪ್ಪದೆ ಕೊಳ್ಳುತ್ತಿದ್ದ ಇಪ್ಪತ್ತು ಮನೆಗಳಲ್ಲಿ ಏಳು ಮನೆಯವರು ನಿಲ್ಲಿಸಿದರು. ಇಬ್ಬರು ಅವಳ ತಾಯಿಯ ಹತ್ತಿರ ಮಾತು ಬಿಟ್ಟರು. ಉಳಿದವರು ಸ್ವಲ್ಪ ಗೊಣಗಿ ಕೊಂಡರು. ಈಗ ಐದು ಕೆ.ಜಿ. ಮಾಡಿದ ದಿನ ಖರ್ಚು ಕಳೆದು 475 ರೂಪಾಯಿ ಸಿಗುತ್ತದೆ. ತಂದೆ ಕೇಳಿದ ‘ಒಂದು ಸಂಬಳ’ಕ್ಕೆ ಇದು ಸಾಕೋ ಇಲ್ಲವೋ ಯುಗಾದಿಗೆ ಗೊತ್ತಾಗುತ್ತದೆ. ಬೇರೆ ಬಡಾವಣೆಗಳಲ್ಲಿ ಹೊಸ ಮನೆಗಳನ್ನು ಹುಡುಕುತ್ತಿದ್ದಾಳೆ.

ಅವಳ ಲೆಕ್ಕದ ಪುಸ್ತಕದಲ್ಲಿ ಎರಡು ಹೊಸ ಕಲಮುಗಳನ್ನು ನೋಡಿದೆ. ಒಂದು ‘ಅಮ್ಮನ ಕೂಲಿ’. ಮೊತ್ತ ಸಣ್ಣದು, ತಾಯಿ ಅದನ್ನು ಇನ್ನೂ ಮುಟ್ಟಿಲ್ಲವಂತೆ, ಆದರೆ ಬರೆಯಬೇಡ ಎಂದೂ ಅನ್ನುತ್ತಿಲ್ಲ. ಇನ್ನೊಂದು ‘ಕೊಟ್ಟದ್ದು’. ಅದರ ಕೆಳಗೆ ತಿಂಗಳಿಗೆ ಒಂದು ಪೊಟ್ಟಣ, ಎದುರುಮನೆ ಅಜ್ಜಿಗೆ. ಅಜ್ಜಿ ದುಡ್ಡು ತೆಗೆದರೆ ‘ಇದು ಮಾರಿದ್ದಲ್ಲ ಅಜ್ಜಿ, ಕೊಟ್ಟಿದ್ದು’ ಎನ್ನುತ್ತಾಳಂತೆ. ಬೆಲೆಯ ರಟ್ಟು ಬಾಗಿಲಲ್ಲಿ ತೂಗಿದ ಮೇಲೆಯೇ ಅವಳಿಗೆ ಹಾಗೆ ಹೇಳುವ ಅಧಿಕಾರ ಬಂದದ್ದು.

ನಮ್ಮ ಊರುಗಳಲ್ಲಿ ಇಂಥ ಹುಡುಗಿಯರು, ಹುಡುಗರು ಈಗ ಅನೇಕರಿದ್ದಾರೆ. ಒಬ್ಬಳು ರವಿಕೆಗೆ ಕಸೂತಿ ಹಾಕುತ್ತಾಳೆ, ಒಬ್ಬ ಸಂಜೆ ಪಾಠ ಹೇಳುತ್ತಾನೆ, ಇನ್ನೊಬ್ಬಳು ಮನೆಯಲ್ಲೇ ಕೇಕು ಮಾಡುತ್ತಾಳೆ. ಅವರಿಗೆ ಬೇಕಾದ ಆಶೀರ್ವಾದ ನಮ್ಮಲ್ಲಿ ಧಾರಾಳವಾಗಿದೆ. ಅದರ ಜೊತೆಗೆ ಕೇಳಿದಷ್ಟು ಬೆಲೆಯನ್ನು ಚಿಲ್ಲರೆ ಸಮೇತ ಎಣಿಸಿ ಕೊಡೋಣ. ಅವರು ನಮ್ಮವರಾದದ್ದರಿಂದಲೇ ಅದೇ ಬೆಲೆ.